ಇನ್ನು ಬಿಟ್ಟರೇನು ಫಲ?

ಹೊಳೆಆಲೂರಿನಿಂದ ರೈಲು ಹತ್ತಿ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೊರಟ ಹಿರಿಯರ ಕಿಸೆಯಲ್ಲಿ ಬೀಡಿಕಟ್ಟು ಉಳಿದಿದ್ದರೆ ನಾವೇನು ಮಾಡಬೇಕು? "ರೋಗವಂತೂ ಬಂದೊದಗಿತು, ಇದ್ದಷ್ಟು ದಿನ ಸೇದಲಿ" ಎಂಬುದನ್ನೇ ನಾವು ಕರುಣೆಯೆಂದು ಭಾವಿಸಿದ್ದೇವೆ.

ಇದು ಕರುಣೆಯೇ? ಮಾಸ್ಕೋದಲ್ಲಿ, ಇನ್ನೂ ದೂರಕ್ಕೆ ಹಬ್ಬದ ಶ್ವಾಸಕೋಶದ ಕ್ಯಾನ್ಸರ್ ಇದ್ದ 517 ಧೂಮಪಾನಿಗಳನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧನೆಯೊಂದು 2021ರಲ್ಲಿ ಪ್ರಕಟವಾಯಿತು. ರೋಗ ತಿಳಿದ ಮೇಲೆ ಸೇದುವುದನ್ನು ಬಿಟ್ಟವರಲ್ಲಿ ಅರ್ಧದಷ್ಟು ಜನ 6.6 ವರ್ಷ ಮೀರಿ ಬದುಕಿದರು. ಬಿಡದವರಲ್ಲಿ ಆ ಅವಧಿ 4.8 ವರ್ಷ. ಹೆಚ್ಚು ಸೇದಿದವರಿಗೂ ಬಿಟ್ಟುದರ ಲಾಭ ತಪ್ಪಲಿಲ್ಲ.

ಹಾಗೆಂದು ಗದರಿಸುವ ಅಧಿಕಾರ ನಮಗೆ ಬಾರದು, ರೋಗಿಯು ಅಪರಾಧಿಯಲ್ಲ. ನಿಕೋಟಿನ್ ದೇಹವನ್ನೇ ಕಟ್ಟಿಹಾಕಿರುವುದರಿಂದ, ಬಿಡಿಸಲು ವೈದ್ಯರ ಔಷಧದೊಡನೆ ಮನೆಯವರ ತಾಳ್ಮೆಯೂ ಬೇಕಾಗುತ್ತದೆ.