ಕಾಣದ ಜೀವಕ್ಕೆ ಮಾಡಿದ ಹಿಂಸೆ

ಕಣ್ಣೆದುರಿನ ಪ್ರಾಣಿಯನ್ನು ನೋಯಿಸಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಆದರೆ ಎಂದೂ ಕಾಣದ, ಹೆಸರನ್ನೂ ಅರಿಯದ, ದೂರದ ಕಡಲಿನಲ್ಲಿರುವ ಜೀವಿಯೊಂದಕ್ಕೆ ನಾವು ಬಿಸಾಡಿದ ವಸ್ತುವಿನಿಂದ ಕೇಡಾದರೆ ಆ ಹಿಂಸೆ ನಮ್ಮದೋ ಅಲ್ಲವೋ? ಕೊಲ್ಲುವ ಸಂಕಲ್ಪವಿರಲಿಲ್ಲವಾದ ಕಾರಣ ನಾವು ನಿರ್ದೋಷಿಗಳೆನ್ನಬಹುದೇ? ಪ್ಲಾಸ್ಟಿಕ್ಕೆಂಬ ವಸ್ತು ಮನೆಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ ಸದ್ಭಕ್ತರಾದ ಗೃಹಸ್ಥರು ವಿಚಾರಮಾಡತಕ್ಕ ಪ್ರಶ್ನೆಯಿದು.

ನಮ್ಮ ಬಯಲುಸೀಮೆಗೂ ಕಡಲಿಗೂ ಏನು ಸಂಬಂಧವೆಂದು ಕೇಳುವುದು ಸಹಜ. ನೀರಿನ ದಾರಿಯನ್ನು ಅನುಸರಿಸಿ ನೋಡಿದರೆ ಉತ್ತರ ದೊರೆಯುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು, ಹೆಸರಘಟ್ಟ ತಿಪ್ಪಗೊಂಡನಹಳ್ಳಿಗಳ ಮೂಲಕ ಹರಿದು, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟದ ಕುಮುದ್ವತಿಯು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯೊಡನೆ ಕೂಡುತ್ತದೆ. ಕಾವೇರಿಯಾದರೋ ಪೂಂಪುಹಾರಿನಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಂದಿಯ ಬೆಟ್ಟಸಾಲಿನದೇ ಆದ ದಕ್ಷಿಣ ಪಿನಾಕಿನಿಯು ದೇವನಹಳ್ಳಿ, ಹೊಸಕೋಟೆಗಳ ಕಡೆಯಿಂದ ಹರಿದು, ತಮಿಳುನಾಡನ್ನು ಹೊಕ್ಕು, ಕಡಲೂರಿನ ಬಳಿ ಅದೇ ಕೊಲ್ಲಿಗೆ ಬೀಳುತ್ತದೆ. ಹೀಗೆ ನಾಲ್ಕು ತಾಲ್ಲೂಕುಗಳ ಹಳ್ಳಕೊಳ್ಳಗಳ ಮುಖವೂ ಕಡಲಿನ ಕಡೆಗೇ ಇದೆ.

ಈ ಹೊಳೆಗಳು ವರ್ಷದ ಬಹುಭಾಗ ಬತ್ತಿರುವುದು ನಿಜ. ಕೆರೆಕಟ್ಟೆಗಳು ಎಷ್ಟೋ ಕಸವನ್ನು ದಾರಿಯಲ್ಲಿಯೇ ತಡೆಯುವುದೂ ನಿಜ. ಆದರೆ ತಡೆದು ನಿಂತ ಪ್ಲಾಸ್ಟಿಕ್ಕು ಎಲೆಯಂತೆ ಕೊಳೆತು ಮಣ್ಣಾಗುವುದಿಲ್ಲ. ಬಿಸಿಲಿಗೆ ಬಿರುಕುಬಿಟ್ಟು ಚೂರುಚೂರಾಗುತ್ತದೆ. 5 ಮಿಲಿಮೀಟರಿಗಿಂತ ಸಣ್ಣ ಚೂರುಗಳನ್ನು ವಿಜ್ಞಾನಿಗಳು ಸೂಕ್ಷ್ಮ ಪ್ಲಾಸ್ಟಿಕ್ಕೆನ್ನುತ್ತಾರೆ. 2021 ಮತ್ತು 2022ರ ಭಾರಿ ಮಳೆಗಳಲ್ಲಿ ಬಹುಕಾಲ ಒಣಗಿದ್ದ ನಮ್ಮ ಅನೇಕ ಕೆರೆಗಳು ತುಂಬಿ ಕೋಡಿ ಹರಿದುದನ್ನು ಕಂಡು ಎಲ್ಲರೂ ಹರ್ಷಿಸಿದೆವಷ್ಟೆ. ಹಲವು ವರ್ಷಗಳ ಕಸವನ್ನು ಕೆಳಗಿನ ಸೀಮೆಗೆ ಸಾಗಿಸುವುದೂ ಅಂತಹ ನೀರೇ.

ಕಡಲನ್ನು ಸೇರಿದ ಮೇಲೆ ಆಗುವುದೇನು? ವರ್ಷವೊಂದಕ್ಕೆ ಸುಮಾರು 1.9 ಕೋಟಿಯಿಂದ 2.3 ಕೋಟಿ ಟನ್ನುಗಳಷ್ಟು ಪ್ಲಾಸ್ಟಿಕ್ಕು ಲೋಕದ ಕೆರೆ, ಹೊಳೆ, ಕಡಲುಗಳನ್ನು ಸೇರುತ್ತಿದೆಯೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗವು ಅಂದಾಜುಮಾಡಿದೆ. ಕಡಲಾಮೆಗಳಿಗೆ ಲೋಳೆಮೀನು ಆಹಾರ. ನೀರಿನಲ್ಲಿ ತೇಲುವ ತೆಳುಚೀಲವು ಅವುಗಳ ಕಣ್ಣಿಗೆ ಲೋಳೆಮೀನಿನಂತೆಯೇ ತೋರುತ್ತದೆ. ಕಡಲಹಕ್ಕಿಗಳಲ್ಲಿ ಕೆಲವು ವಾಸನೆಯನ್ನು ಹಿಡಿದು ಆಹಾರವನ್ನರಸುತ್ತವೆ. ತೇಲುವ ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಬೆಳೆದಾಗ ಅದರಿಂದಲೂ ಅಂತಹುದೇ ವಾಸನೆ ಹೊರಡುವುದೆಂದು 2016ರ ಸಂಶೋಧನೆಯೊಂದು ತೋರಿಸಿತು. ಶಾಂತಸಾಗರದ ಮಿಡ್‌ವೇ ದ್ವೀಪದಲ್ಲಿ ಆಲ್ಬಟ್ರಾಸ್ ಎಂಬ ಹಕ್ಕಿಗಳು ಇದನ್ನೇ ಗುಟುಕೆಂದು ಮರಿಗಳಿಗೆ ಉಣಿಸುತ್ತವೆ. ಹೊಟ್ಟೆ ತುಂಬಿದಂತಿರುತ್ತದೆ, ಜೀವ ಸೊರಗುತ್ತದೆ. ತಾಯಿಯ ವಾತ್ಸಲ್ಯವೇ ಮರಿಗೆ ಮೃತ್ಯುವಾಗುವ ಸ್ಥಿತಿಯಿದು.

ಇಷ್ಟು ದೂರ ಹೋಗಲಾರದವರು ಊರಿನ ಬಸ್ ನಿಲ್ದಾಣದ ಬಳಿ ಕಸದ ಗುಡ್ಡೆಯಲ್ಲಿ ಮೇಯುತ್ತಿರುವ ಹಸುವನ್ನು ನೋಡಬಹುದು. ಉಳಿದ ಅನ್ನವನ್ನು ನಾವು ಚೀಲದಲ್ಲಿ ಹಾಕಿ ಗಂಟುಕಟ್ಟಿ ಎಸೆಯುತ್ತೇವೆ. ಹಸುವಿಗೆ ಗಂಟುಬಿಚ್ಚುವ ಕೈಯಿಲ್ಲ. ಅದು ಚೀಲಸಮೇತ ನುಂಗುತ್ತದೆ. ನುಂಗಿದುದು ಜೀರ್ಣವಾಗದು, ಸುಲಭವಾಗಿ ಹೊರಬೀಳದು. ಹೊಟ್ಟೆಯಲ್ಲಿ ವರ್ಷವರ್ಷಕ್ಕೂ ಮುದ್ದೆಗಟ್ಟುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತುಗಳನ್ನು ಸಿಂಗರಿಸಿ ಕರೆದೊಯ್ಯುವ ನಾಡಿನಲ್ಲಿ ಇದು ನಡೆಯುತ್ತಿದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಸಂಕಲ್ಪವಿಲ್ಲದೆ ಆದ ಹಿಂಸೆಯಲ್ಲಿ ದೋಷವು ಅಲ್ಪವೆಂಬ ವಾದಕ್ಕೆ ಬೆಲೆಯಿಲ್ಲವೆಂದಲ್ಲ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯಲ್ಲಿ ಪಾಲಿಥೀನನ್ನು ಕಂಡವರು ಆಮೆಯ ಮರಣವನ್ನು ಬಯಸಿದವರಲ್ಲ. ಅದರ ಪರಿಣಾಮವನ್ನು ಊಹಿಸಿದವರೂ ಅಲ್ಲ. ಅದು ಅಜ್ಞಾನ. ನಮ್ಮದಾದರೋ ಅಜ್ಞಾನವಲ್ಲ. ತಿಳಿದ ಮೇಲೂ ಕೈ ಹಿಂದೆಗೆಯದಿದ್ದರೆ ಅದಕ್ಕೆ ಅಲಕ್ಷ್ಯವೆಂದು ಹೆಸರು. ಬೇಡನು ತಾನು ಹೊಡೆದ ಮೃಗದ ನರಳಿಕೆಯನ್ನು ಕೇಳುತ್ತಾನೆ; ಒಂದು ದಿನ ಅವನ ಮನಸ್ಸು ಕರಗಲೂಬಹುದು. ನಮಗೆ ನರಳಿಕೆ ಕೇಳಿಸುವುದೇ ಇಲ್ಲ. ಆದುದರಿಂದ ನಮ್ಮ ಮನಸ್ಸು ಕರಗಲು ಅರಿವೊಂದೇ ದಾರಿ. ಬಸವಣ್ಣನವರು ದಯೆಯನ್ನು ಸಕಲ ಜೀವಿಗಳಿಗೂ ವಿಸ್ತರಿಸಿದರಲ್ಲದೆ ಕಣ್ಣಿಗೆ ಕಾಣುವಷ್ಟಕ್ಕೆ ಎಲ್ಲೆ ಕಟ್ಟಲಿಲ್ಲ.

"ನಾನೊಬ್ಬ ಬಿಟ್ಟರೆ ಕಡಲು ಶುದ್ಧವಾದೀತೇ?" ಎನ್ನುವವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯೇ ಉತ್ತರ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಆಕೆ ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಹಿಡಿ ಅಕ್ಕಿಯಿಂದ ಕಲ್ಯಾಣದ ಕಣಜ ತುಂಬುವಂತಿರಲಿಲ್ಲ, ಬರಿದಾಗುವಂತೆಯೂ ಇರಲಿಲ್ಲ. ಆಕೆ ಲೆಕ್ಕಹಾಕಿದ್ದು ಕಣಜವನ್ನಲ್ಲ, ತಮ್ಮ ಬಾಳಿನ ಶುದ್ಧಿಯನ್ನು.

ಈ ಕಥೆಗೆ ಇನ್ನೊಂದು ಮುಖವೂ ಉಂಟು. ಬಿದ್ದುದನ್ನು ಆಯುವುದು ಅಂದು ಕಾಯಕವಾಗಿತ್ತು. ಇಂದೂ ನಮ್ಮ ಬೀದಿಗಳಲ್ಲಿ ಬಿದ್ದುದನ್ನು ಆಯ್ದು ಬದುಕುವ ಬಡವರಿದ್ದಾರೆ. ಹಸಿಕಸವನ್ನೂ ಒಣಕಸವನ್ನೂ ಕಲಸಿ ಎಸೆದರೆ ಅವರು ಹೊಲಸಿನಲ್ಲಿ ಕೈಯಿಡಬೇಕಾಗುತ್ತದೆ. ಬೇರ್ಪಡಿಸಿಕೊಟ್ಟರೆ ಅವರ ಕಾಯಕಕ್ಕೆ ಗೌರವ, ಹಸುವಿಗೂ ಕ್ಷೇಮ.

ಪ್ಲಾಸ್ಟಿಕ್ಕೆಲ್ಲವೂ ಪಾಪವೆಂದು ಹೇಳುವುದು ನ್ಯಾಯವಲ್ಲ. ನಮ್ಮ ದ್ರಾಕ್ಷಿಯ ತೋಟಗಳಿಗೆ ಹನಿಹನಿಯಾಗಿ ನೀರುಣಿಸುವ ಕೊಳವೆಯೂ, ಆಸ್ಪತ್ರೆಯಲ್ಲಿ ಜೀವವುಳಿಸುವ ಸಾಧನವೂ ಅದರಿಂದಲೇ ಆದವು. ಆದರೆ ವರ್ಷಗಳ ಕಾಲ ದುಡಿಯುವ ಕೊಳವೆ ಬೇರೆ. ಅಂಗಡಿಯಿಂದ ಮನೆಯವರೆಗೆ ಒಂದು ಗಳಿಗೆ ಬಳಸಿ, ಮುಂದೆ ತಲೆತಲಾಂತರಕ್ಕೂ ಉಳಿಯುವಂತೆ ಬಿಸಾಡುವ ಚೀಲ ಬೇರೆ. ಸುಖ ನಮ್ಮದು, ಋಣ ಇತರರದು ಎಂಬ ಇಂತಹ ವ್ಯವಹಾರವನ್ನು ಯಾವ ಧರ್ಮಶಾಸ್ತ್ರವೂ ಒಪ್ಪದು.

ತಯಾರಿಸುವವರ ಹೊಣೆ ದೊಡ್ಡದು. ಆಳುವವರ ಹೊಣೆಯೂ ಉಂಟು. ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮುಂತಾದುವನ್ನು ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿತು. ಆದರೂ ಸಂತೆಯಲ್ಲಿ ಚೀಲ ಸಿಕ್ಕುತ್ತಲೇ ಇದೆ. ಏಕೆಂದರೆ ನಾವು ಬರಿಗೈಯಲ್ಲಿ ಹೋಗಿ ಅದನ್ನು ಕೇಳುತ್ತೇವೆ. ಹೂ ಮಾರುವ ಬಡ ಹೆಂಗಸನ್ನು ದೂರುವ ಮೊದಲು ಕೊಳ್ಳುವವನು ಬಟ್ಟೆಯ ಚೀಲವನ್ನು ಕೊಂಡೊಯ್ಯಬೇಕಾದುದು ಧರ್ಮ.

ವಿಶೇಷವಾಗಿ ದಾಸೋಹದ ವಿಷಯದಲ್ಲಿ ಭಕ್ತರು ಎಚ್ಚರವಾಗಿರತಕ್ಕದ್ದು. ಪ್ರಸಾದವನ್ನು ಒಂದಗುಳೂ ಚೆಲ್ಲದೆ ಸ್ವೀಕರಿಸುವ ನಾವು, ಅದನ್ನು ಬಡಿಸಿಕೊಂಡ ಪ್ಲಾಸ್ಟಿಕ್ ಲೇಪದ ತಟ್ಟೆಯನ್ನು ಹಳ್ಳಕ್ಕೆ ಎಸೆದರೆ ಪ್ರಸಾದವು ಪೂರ್ಣವಾದಂತಾಯಿತೇ? ಬಾಳೆಲೆ, ಮುತ್ತುಗದ ಎಲೆ, ಅಡಕೆಯ ಹಾಳೆ, ತೊಳೆದಿಡುವ ಸ್ಟೀಲ್ ತಟ್ಟೆ ಇವು ನಮಗೆ ಹೊಸವಲ್ಲ. ಶಿವಗಂಗೆಯ ಸಂಕ್ರಾಂತಿ ಜಾತ್ರೆಯಿರಲಿ, ಮನೆಯ ಮದುವೆಯಿರಲಿ, ಉಂಡ ಎಲೆಯನ್ನು ದನ ಮೇದರೂ ಕೇಡಿಲ್ಲವೆಂಬಂತೆ ಪಂಕ್ತಿಯನ್ನು ಏರ್ಪಡಿಸಿದಾಗಲೇ ಆ ದಾಸೋಹವು ಉಂಡವರಿಗೂ ಉಣ್ಣದ ಜೀವಿಗಳಿಗೂ ಸಲ್ಲುತ್ತದೆ.