ಕೆಂಪು ದೀಪದ ಹಂಗು

ಕಾಯಿದೆಯೆಂಬುದು ಎಲ್ಲರಿಗೂ ಒಂದೇ ಆಗಿರತಕ್ಕದ್ದೆಂಬ ವಾಕ್ಯವನ್ನು ನುಡಿದವರು, ನುಡಿದ ಮಾತ್ರಕ್ಕೆ ವಾದವು ಮುಗಿಯಿತೆಂಬಂತೆ ಚಹದ ಬಟ್ಟಲನ್ನು ಕೆಳಗಿಟ್ಟು ಸುತ್ತಲೂ ನೋಡುವ ರೀತಿಯನ್ನು ಕಂಡಾಗಲೆಲ್ಲ ನನ್ನಲ್ಲಿ ಒಂದು ಬಗೆಯ ಅಸಹನೆ ಹುಟ್ಟುತ್ತದೆ. ಖಾಸಬಾಗದಲ್ಲಿ ನನ್ನ ನೆರೆಯವರಾದ ನಿವೃತ್ತ ವಕೀಲರೊಬ್ಬರು ಈ ಮತದ ದೃಢ ಪ್ರತಿಪಾದಕರು. ಆರ್‌ಪಿಡಿ ಕ್ರಾಸಿನಲ್ಲಿ, ನಸುಕಿನ ಹೊತ್ತು, ಯಾವ ದಿಕ್ಕಿನಿಂದಲೂ ಒಂದು ವಾಹನವಾದರೂ ಬಾರದಿರುವಾಗ, ಉದ್ಯಮಬಾಗದ ಮೊದಲ ಪಾಳಿಗೆ ಹೊರಟ ಕಾರ್ಮಿಕನೊಬ್ಬನು ವೇಗವನ್ನು ತಗ್ಗಿಸಿ, ಅತ್ತಿತ್ತ ನೋಡಿ, ಕೆಂಪು ದೀಪವನ್ನು ದಾಟಿ ಸೈಕಲ್ ತುಳಿದುಕೊಂಡು ಹೋದುದನ್ನು ಕಂಡು ಅವರು ಪಟ್ಟ ಸಂಕಟವು, ಯಾವನೋ ಸಂವಿಧಾನವನ್ನೇ ಹರಿದು ಬಿಸುಟನೆಂಬಷ್ಟಿತ್ತು. “ಸೈಕಲ್ಲಿನವ್ರಿಗೆ ಒಂದ ಕಾಯ್ದೆ, ಲಾರಿಯವ್ರಿಗೆ ಒಂದ ಕಾಯ್ದೆ ಅಂದ್ರ ಹೆಂಗ್ರೀ? ಕೆಂಪ ಬಿತ್ತಂದ್ರ ಎಲ್ಲಾರೂ ನಿಂದರಬೇಕು” ಎಂಬುದು ಅವರ ಸಿದ್ಧಾಂತದ ಸಾರಸರ್ವಸ್ವ.

ಈ ಸಿದ್ಧಾಂತಕ್ಕೆ ಬೆಂಬಲವಾಗಿ ದೊಡ್ಡ ದೊಡ್ಡ ಹೆಸರುಗಳನ್ನು ಕರೆತರುವುದು ಸುಲಭ. ಅನ್ಯಾಯದ ತೀರ್ಪಿಗೂ ತಲೆಬಾಗಿ ವಿಷವನ್ನು ಕುಡಿದ ಸಾಕ್ರೆಟೀಸನನ್ನು ಕರೆಯಬಹುದು. ಎಲ್ಲರೂ ನಿನ್ನಂತೆಯೇ ಮಾಡಿದರೆ ಏನಾದೀತೆಂದು ಕೇಳಿಕೊಳ್ಳಲು ಕಲಿಸಿದ ಕಾಂಟನನ್ನೂ ಕರೆಯಬಹುದು. ಈರ್ವರಿಗೂ ದೂರದಿಂದಲೇ ನಮಸ್ಕಾರ. ಎಲ್ಲರೂ ಸೈಕಲ್ಲಿನಲ್ಲಿಯೇ ಸಂಚರಿಸುವಂತಾದರೆ ದೀಪದ ಕಂಬವೇ ಬೇಕಾಗುತ್ತಿರಲಿಲ್ಲವೆಂಬುದಷ್ಟೇ ಕಾಂಟನಿಗೆ ನನ್ನ ಉತ್ತರ.

ಏಕೆಂದರೆ ಈ ದೀಪದ ಹುಟ್ಟನ್ನು ನೋಡಿರಿ. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಬಳಿ ಮೊತ್ತಮೊದಲ ಸಂಕೇತಸ್ತಂಭವನ್ನು ನಿಲ್ಲಿಸಲು ಕಾರಣನಾದ ಜೆ. ಪಿ. ನೈಟ್ ಎಂಬಾತನು ರೈಲ್ವೆಯ ಎಂಜಿನಿಯರನಾಗಿದ್ದನು. ರಾತ್ರಿಯಲ್ಲಿ ಅನಿಲದಿಂದ ಉರಿಯುತ್ತಿದ್ದ ಆ ದೀಪವು ಮರುವರ್ಷವೇ ಸ್ಫೋಟಗೊಂಡಿತಾದರೂ, ಅದರ ಹಿಂದಿದ್ದ ರೈಲ್ವೆಯ ಬುದ್ಧಿ ಮಾತ್ರ ಉಳಿದುಬಂದಿತು. ತನ್ನ ಭಾರವನ್ನು ತಾನೇ ತಡೆದುಕೊಳ್ಳಲಾರದ ಯಂತ್ರಕ್ಕೆ ಹೊರಗಿನಿಂದ ಹಾಕಿದ ಅಂಕುಶವದು. ಟಿಳಕವಾಡಿಯ ಗೇಟು ಬಿದ್ದಾಗ ನಾನು ಸೈಕಲ್ಲನ್ನು ವಾಲಿಸಿ ಅಡ್ಡಗಂಬದ ಕೆಳಗೆ ನುಸುಳುವವನಲ್ಲ. ರೈಲು ನನಗಾಗಿ ನಿಲ್ಲಲಾರದೆಂಬುದು ವಸ್ತುಸ್ವಭಾವ, ಅದರೊಡನೆ ವಾದವಿಲ್ಲ. ಆದರೆ ಗಂಟೆಗೆ 15 ಕಿಲೋಮೀಟರಿನಂತೆ ಹೋಗುವ ಸೈಕಲ್ಲು ಸವಾರನೂ ಸೇರಿ 80 ಕಿಲೋ ತೂಗಿದರೆ, 50 ಕಿಲೋಮೀಟರಿನಂತೆ ಬರುವ ಸಾವಿರ ಕಿಲೋ ತೂಕದ ಕಾರಿನಲ್ಲಿ ಅಡಗಿರುವ ಚಲನಶಕ್ತಿಯು ಅದರ ಸುಮಾರು 140 ಪಟ್ಟು. ಇವೆರಡನ್ನೂ ಒಂದೇ ಅಪಾಯವೆಂದು ಬಗೆಯುವುದು ಸಮಾನತೆಯಲ್ಲ, ಗಣಿತದ ಅಜ್ಞಾನ. 1988ರ ಮೋಟಾರು ವಾಹನ ಕಾಯಿದೆಯ 119ನೆಯ ಕಲಮು ಸಂಚಾರಚಿಹ್ನೆಗಳಿಗೆ ವಿಧೇಯನಾಗೆಂದು ಆಜ್ಞಾಪಿಸುವುದು ಮೋಟಾರು ವಾಹನದ ಚಾಲಕನಿಗೆ. ಇದನ್ನು ತೋರಿಸಿದಾಗ ವಕೀಲರು, ಪೊಲೀಸರ ಅಧಿಕಾರ ಬೇರೆ ಕಾಯಿದೆಗಳಿಂದಲೂ ಬರುತ್ತದೆಂದು ನಕ್ಕರು. ಆ ಮಾತನ್ನು ನಾನೂ ಒಪ್ಪಿದೆನು. ಕಲಮಿನ ಬಿರುಕಿನಲ್ಲಿ ತಲೆಮರೆಸಿಕೊಳ್ಳುವುದು ನನ್ನ ಉದ್ದೇಶವಾಗಿರಲಿಲ್ಲ.

ಅವರು ನಿಜವಾಗಿ ಪೆಟ್ಟು ಕೊಟ್ಟುದು ಮತ್ತೊಂದು ಆಯುಧದಿಂದ. ಎಚ್. ಎಲ್. ಎ. ಹಾರ್ಟ್ ಎಂಬ ನ್ಯಾಯತತ್ತ್ವಜ್ಞನು 1955ರ ಪ್ರಬಂಧವೊಂದರಲ್ಲಿ ಮಂಡಿಸಿದ ವಿಚಾರವದು: ಹಲವರು ಕೂಡಿ ನಡೆಸುವ ಕಾರ್ಯದಲ್ಲಿ ನಿಯಮಕ್ಕೊಳಪಟ್ಟು ತಮ್ಮ ಸ್ವಾತಂತ್ರ್ಯವನ್ನು ಸಂಕೋಚಿಸಿಕೊಂಡವರಿಗೆ, ಆ ಸಂಕೋಚದ ಫಲವನ್ನುಂಡವರಿಂದ ಅಂಥದೇ ಸಂಯಮವನ್ನು ಅಪೇಕ್ಷಿಸುವ ಹಕ್ಕುಂಟು. ಸೈಕಲ್ಲಿನವನು ಉಂಡ ಫಲವಾವುದೆಂದು ನಾನು ಮೊದಲು ಹಾರಿಸಿಬಿಡಲು ನೋಡಿದೆನು. ದೀಪದ ಕಾಲಗಣನೆಯೆಲ್ಲವೂ ಮೋಟಾರಿನ ವೇಗಕ್ಕೆ ಹೊಂದಿಸಿದುದಲ್ಲವೆ? ಆದರೆ ಗೋವಾವೇಸಿನಲ್ಲಿ ನನ್ನ ಪಾಲಿಗೆ ಹಸಿರು ಬಿದ್ದಾಗ, ಪಕ್ಕದ ದಾರಿಯಲ್ಲಿ ಕಬ್ಬಿನ ಲಾರಿಯೊಂದು ಬುಸುಗುಟ್ಟುತ್ತ ನಿಂತಿದ್ದುದನ್ನೂ, ನಾನು ಅದರ ಮೂತಿಯ ಮುಂದೆಯೇ ನಿಶ್ಚಿಂತನಾಗಿ ಹಾದುಹೋಗುತ್ತಿದ್ದುದನ್ನೂ ನೆನೆದಾಗ ಆ ಉತ್ತರವು ಗಂಟಲಲ್ಲಿ ಸಿಕ್ಕಿಕೊಂಡಿತು. ಫಲವನ್ನು ಉಂಡದ್ದು ನಿಜ.

ಆದರೂ ಸಂಯಮವು ಸಮನಾಗಿದ್ದರೆ ಹೊರೆಯೂ ಸಮನಾಗಿರುವುದೆಂದು ಹೇಳಿದವರಾರು? ಸ್ಕೂಟರಿನವನು ನಿಂತು ಮತ್ತೆ ಹೊರಡಲು ಮಣಿಕಟ್ಟನ್ನು ತಿರುವಿದರೆ ಸಾಕು. ಹಿಂದಿನ ಕ್ಯಾರಿಯರಿಗೆ ನೂಲಿನ ಗಂಟನ್ನು ಬಿಗಿದು ವಡಗಾವಿಯಿಂದ ಬರುವ ನೇಕಾರನು, ನಿಂತ ಪ್ರತಿಯೊಂದು ನಿಲುಗಡೆಯ ಬೆಲೆಯನ್ನೂ ತೊಡೆಯಿಂದಲೇ ತೆರಬೇಕು. ಅಮೆರಿಕೆಯ ಐಡಹೊ ರಾಜ್ಯವು 1982ರಲ್ಲಿಯೇ ಈ ಭೇದವನ್ನು ಗುರುತಿಸಿ ಸೈಕಲ್ಲಿನವರಿಗೆ ನಿಯಮವನ್ನು ಸಡಿಲಿಸಿತು. ಅಲ್ಲಿ ಇಂದು ಅವರು ಕೆಂಪು ದೀಪದಲ್ಲಿ ನಿಂತು, ನೋಡಿ, ಹಾದಿಯುಳ್ಳವರಿಗೆ ಹಾದಿ ಬಿಟ್ಟು ಮುಂದುವರಿಯಬಹುದು. ಪ್ಯಾರಿಸ್ ನಗರವು 2015ರಲ್ಲಿ ಗೊತ್ತಾದ ಕೆಲವು ಕೂಡುರಸ್ತೆಗಳಲ್ಲಿ ಇಂಥದೇ ಅನುಮತಿಯನ್ನಿತ್ತಿತು. ನಾನು ಬೇಡುವುದೂ ಇಷ್ಟನ್ನೇ. ಚಳಿಗಾಲದ ಅಧಿವೇಶನಕ್ಕೆಂದು ಸುವರ್ಣ ವಿಧಾನಸೌಧದತ್ತ ಸಾಗುವ ಮಂತ್ರಿಗಳ ಸಾಲುಕಾರುಗಳಿಗೆ ಕೆಂಪು ದೀಪವೇ ಕಣ್ಣು ಮುಚ್ಚಿಕೊಳ್ಳುವ ಈ ಊರಿನಲ್ಲಿ ಇದು ಬಹು ದೊಡ್ಡ ಬೇಡಿಕೆಯೇನೂ ಅಲ್ಲ.

“ಹಂಗಾರ ಮನೂನ ಕಾಯ್ದೇನ ತರ್ರಿ ಮತ್ತ” ಎಂದರು ವಕೀಲರು. ಕುಚೋದ್ಯವೆಂದುಕೊಂಡೆನು, ಅಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಯಾರಾರಿಗೆ ದಾರಿ ಬಿಡಬೇಕೆಂಬ ಪಟ್ಟಿಯೇ ಇದೆ: ರಥದಲ್ಲಿರುವವನು, ತೊಂಬತ್ತು ದಾಟಿದ ವೃದ್ಧನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ರಾಜ, ಮದುವಣಿಗ. ಹೊರೆ ಹೊತ್ತವನು ಅದರಲ್ಲಿರುವುದನ್ನು ಕಂಡು ನಾನು ಹಿಗ್ಗುವಷ್ಟರಲ್ಲಿಯೇ, ಪಟ್ಟಿಯ ಮೊದಲಿಗೇ ರಥಾರೂಢನು ಕುಳಿತಿರುವುದೂ, ಇವರೆಲ್ಲ ಎದುರುಬದುರಾದರೆ ಸ್ನಾತಕನಿಗೆ ರಾಜನಿಗಿಂತಲೂ ಹೆಚ್ಚಿನ ಮನ್ನಣೆಯೆಂದು ಮುಂದಿನ ಶ್ಲೋಕವು ಹೇಳುವುದೂ ಕಣ್ಣಿಗೆ ಬಿದ್ದವು. ಆಳಿಗೊಂದು ಕಾಯಿದೆಯೆಂಬುದರ ವಂಶಾವಳಿಯು ಶುಭ್ರವಾದುದಲ್ಲ. ಬಸವೇಶ್ವರರ ಹೆಸರನ್ನು ವೃತ್ತಗಳಿಗೆ ಇಟ್ಟುಕೊಂಡ ನಾಡಿನಲ್ಲಿ, ಒಂದೇ ಕಾಯಿದೆಯೆಂಬ ವಾಕ್ಯವನ್ನು ಕೇಳಿ ಅಸಹನೆಗೊಳ್ಳುವುದಕ್ಕೆ ಮೊದಲು ಅದನ್ನು ಯಾರು ಯಾವ ಬೆಲೆ ತೆತ್ತು ಗಳಿಸಿದರೆಂಬುದನ್ನು ನೆನೆಯಬೇಕಾದೀತು. ಸಂವಿಧಾನದ 14ನೆಯ ಅನುಚ್ಛೇದವೂ ಸಕಾರಣವಾದ ವರ್ಗೀಕರಣವನ್ನು ಒಪ್ಪುವುದೆಂದು ಸುಪ್ರೀಂ ಕೋರ್ಟು 1952ರ ಅನ್ವರ್ ಅಲಿ ಸರ್ಕಾರ್ ಮೊಕದ್ದಮೆಯಲ್ಲಿ ವಿವರಿಸಿದುದನ್ನು ನಾನು ಹೇಳಿದೆನಾದರೂ, ಆ ಕಾರಣವು ವಾಹನದ ಗುಣದಲ್ಲಿರಬೇಕೇ ಹೊರತು ಸವಾರನ ಮೇಲಿನ ನನ್ನ ಮಮತೆಯಲ್ಲಿರಬಾರದೆಂಬ ಷರತ್ತನ್ನೂ ಜೊತೆಗೇ ಒಪ್ಪಿಕೊಳ್ಳಬೇಕಾಯಿತು.

ಸರಿ, ವಾಹನದ ಗುಣವೆಂದರೆ ಭಾರ ಮತ್ತು ವೇಗ ಎಂದುಕೊಂಡಿದ್ದೆನು. ಆಮೇಲೆ ನನ್ನ ಕಣ್ಣಿನ ಪೊರೆ ತೆಗೆಸಿದ ದಿನಗಳು ಬಂದವು. ಸೈಕಲ್ಲು ಗೋಡೆಗೊರಗಿ, ನಾನು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಭಾನುವಾರದ ಸಂತೆಗೆ ಕಾಲ್ನಡೆಯಲ್ಲಿ ಹೋಗುವವನಾದೆನು. ಲಾರಿಯು ಬರುವ ಮೊದಲೇ ನೆಲ ನಡುಗುತ್ತದೆ, ರಿಕ್ಷಾ ಗದ್ದಲ ಮಾಡುತ್ತದೆ. ಆದರೆ ಕುರುಡುಬದಿಯಿಂದ ನಿಃಶಬ್ದವಾಗಿ ಬಂದು ಮೊಣಕೈಯನ್ನು ಸವರಿಕೊಂಡು ಹೋದ ವಸ್ತು ಪ್ರತಿ ಸಲವೂ ಸೈಕಲ್ಲೇ ಆಗಿತ್ತು. ಕಣ್ಣಿಲ್ಲದವನಿಗೆ ದೀಪವು ಕೊಡುವುದು ಕಾಪಲ್ಲ, ಭರವಸೆ: ಇಷ್ಟು ಹೊತ್ತು ಇತ್ತ ಕಡೆಯಿಂದ ಯಾರೂ ಬಾರರೆಂಬ ಭರವಸೆ. ‘ನೋಡಿ ದಾಟುವ’ ಸವಾರನ ವಿವೇಚನೆಯ ಮೇಲೆ ನಾನು ಕಟ್ಟಿದ ವಾದವೆಲ್ಲವೂ, ಎದುರಿನವನೂ ನೋಡಬಲ್ಲನೆಂಬ ಊಹೆಯ ಮೇಲೆ ನಿಂತಿತ್ತು. ಹಾದಿ ಬಿಡಬೇಕೆಂಬ ಷರತ್ತು ಅದನ್ನು ಭಾಗಶಃ ತುಂಬಿಕೊಡಬಹುದು, ಪೂರ್ತಿಯಾಗಿ ಅಲ್ಲ.

ಇದನ್ನು ಹೇಳಿದಾಗ ವಕೀಲರು ಗೆದ್ದೆನೆಂದು ಬೀಗಲಿಲ್ಲ. ಅವರಿಗೆ ಅವರದೇ ಆದ ತೊಡಕೊಂದು ಬಂದಿತ್ತು. ಅವರ ಮೊಮ್ಮಗನಿಗೆ ಬ್ಯಾಟರಿಯ ಸೈಕಲ್ಲನ್ನು ಕೊಡಿಸಿದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮಗಳಂತೆ 250 ವಾಟಿಗಿಂತ ಕಡಿಮೆ ಬಲದ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ ಅಂಥ ವಾಹನವು, ಇತರ ಕೆಲವು ನಿಬಂಧನೆಗಳಿಗೊಳಪಟ್ಟು, ಮೋಟಾರು ವಾಹನವೇ ಅಲ್ಲ, ಪರವಾನಗಿಯೂ ಬೇಡ. ಹುಡುಗನು ತೊಡೆಯಿಂದ ಬೆಲೆ ತೆರುವವನಲ್ಲ, ಆದ್ದರಿಂದ ನನ್ನ ರಿಯಾಯಿತಿಗೆ ಅರ್ಹನಲ್ಲ. ಆದರೆ ಅವನ ಭಾರವೂ ಅಪಾಯವೂ ಸೈಕಲ್ಲಿನವೇ, ಆದ್ದರಿಂದ ಅರ್ಹ. ಇನ್ನು ಖಾನಾಪುರದ ರಸ್ತೆಯಲ್ಲಿ ಬೆಳಗಿನ ವ್ಯಾಯಾಮಕ್ಕೆಂದು ಸ್ವಂತ ಕಾಲಿನಿಂದಲೇ 30ರ ವೇಗದಲ್ಲಿ ಹಾರುವ ತರುಣರನ್ನು ಯಾವ ಸಾಲಿನಲ್ಲಿ ನಿಲ್ಲಿಸೋಣ? ವೇಗವನ್ನೇ ಗೆರೆಯಾಗಿಸೋಣವೆಂದೆನು ನಾನು. ಅದನ್ನು ಅಳೆಯುವವರು ಯಾರೆಂದರು ಅವರು. ಅವರ ಬಳಿ ಹಳೆಯ ವಾಕ್ಯವು ಇನ್ನೂ ಇದೆ, ಮೊಮ್ಮಗನಿಗೆ ಮಾತ್ರ ಅದನ್ನು ಈವರೆಗೆ ಹೇಳಿದಂತಿಲ್ಲ; ನನ್ನ ಬಳಿ ಐಡಹೊದ ನಿಯಮವಿದೆ, ಅದನ್ನು ಸಂತೆಯ ದಿನ ಖಾಸಬಾಗದಲ್ಲಿ ಜಾರಿಗೆ ತನ್ನಿರೆಂದು ಕೇಳುವ ಧೈರ್ಯ ಮಾತ್ರ ಮೊದಲಿನಷ್ಟಿಲ್ಲ.