ತಾತಾ, ಕೂತ್ಕಳಿ

ನಿಮ್ಮನ್ನು ಮೊಟ್ಟಮೊದಲು 'ತಾತ' ಎಂದು ಕರೆದವರು ಯಾರೆಂದು ನೆನಪಿದೆಯೇ? ಮೊಮ್ಮಕ್ಕಳ ಮಾತು ಬೇರೆ. ಗುರುತಿಲ್ಲದವರು ಕರೆದಾಗಲೇ ಎದೆ ಧಸಕ್ಕೆನ್ನುವುದು.

ಸಂಪಿಗೆಗೆ ಹೋಗುವ ಬಸ್ಸು, ಕಿಕ್ಕಿರಿದ ಜನ ಎಂದಿಟ್ಟುಕೊಳ್ಳಿ. ಕಾಲೇಜು ಹುಡುಗನೊಬ್ಬ ಎದ್ದು, "ತಾತಾ, ಕೂತ್ಕಳಿ" ಎನ್ನುತ್ತಾನೆ. ಯಾವ ತಾತ ಎಂದು ನೀವು ಹಿಂದಿರುಗಿ ನೋಡುತ್ತೀರಿ. ಹಿಂದೆ ಯಾರೂ ಇಲ್ಲ! "ಬೇಡಪ್ಪ, ಇಲ್ಲೇ ಇಳೀತೀನಿ" ಎಂದು ಸುಳ್ಳು ಹೇಳಿ, ಇನ್ನೂ ನಾಲ್ಕು ಊರು ದಾಟುವ ತನಕ ಕಂಬಿ ಹಿಡಿದು ನೇತಾಡುತ್ತೀರಿ.

ಆದರೆ ರಾಜ್ಯ ರಸ್ತೆ ಸಾರಿಗೆ ನಿಗಮವು 60 ತುಂಬಿದವರಿಗೆ ಕೊಡುವ ಶೇಕಡಾ 25ರ ರಿಯಾಯಿತಿಗೆ ಕಾರ್ಡನ್ನು ನಾವೇ ಮುಂದೆ ಚಾಚುತ್ತೇವೆ. ಟಿಕೆಟ್ಟಿಗೆ ಮುದುಕ, ಸೀಟಿಗೆ ಯುವಕ!

ನಾವಾದರೋ ತೆಂಗಿನ ಸೀಮೆಯವರು. ಬಲಿತ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಕೂತು, ಒಳಗಿನ ನೀರೆಲ್ಲ ಇಂಗಿದ ಮೇಲೆಯೇ ಉಂಡೆ ಕೊಬ್ಬರಿಯಾಗಿ ತಿಪಟೂರು ಮಾರುಕಟ್ಟೆಗೆ ಹೋಗುವುದು. ಅದನ್ನು ಯಾರೂ ಎಳನೀರೆಂದು ಮಾರುವುದಿಲ್ಲ.

ಪವಿತ್ರ ಕುರ್‌ಆನಿನ ಅರ್ರೂಮ್ ಅಧ್ಯಾಯದ 54ನೇ ಸೂಕ್ತವು ಮನುಷ್ಯನ ಬಾಳನ್ನು ದೌರ್ಬಲ್ಯ, ಬಲ, ಮತ್ತೆ ದೌರ್ಬಲ್ಯ ಮತ್ತು ನರೆ ಎಂದು ಎಣಿಸುತ್ತದೆ. ನಾವು ಮಾತ್ರ ನಡುವಿನದೊಂದನ್ನೇ ನಮ್ಮ ಸ್ವಂತ ಆಸ್ತಿಯೆಂದು ಬರೆಸಿಕೊಂಡಿದ್ದೇವೆ.

ನಗು ಇರಲಿ. ಆ ಹುಡುಗನ ಕಡೆ ನೋಡಿದಿರಾ? ಎದ್ದವನು ಮತ್ತೆ ಕೂರಲಾರ, ನಿಲ್ಲಲಾರ. ಸುತ್ತಲಿನವರು ಮುಸಿಮುಸಿ ನಗುತ್ತಿದ್ದಾರೆ, ಅವನ ಮುಖ ಕೆಂಪಾಗಿದೆ. ಮರ್ಯಾದೆ ಕೊಟ್ಟು ಅವಮಾನ ಪಡೆದ. ನಾಳೆ ಮಂಡಿನೋವಿನ ಹಿರಿಯರೊಬ್ಬರು ಬಸ್ಸು ಹತ್ತಿದರೆ ಅವನು ಏಳುವನೋ, ಕಿಟಕಿಯಾಚೆಯ ತೋಟಗಳನ್ನು ನೋಡುತ್ತಾ ಕೂರುವನೋ?